ಟೊಮೆಟೊ ತಿಕ್ಕಿದ ರೊಟ್ಟಿ

ದೇವಾಪುರ

ನೀಲಮ್ಮನ ಅಪ್ಪನವರಿಗೆ,

ಪತ್ರ ಮುಟ್ಟಿತು. ಹೈದರಾಬಾದಿನಲ್ಲಿ ಭಾರಿ ಸ್ಪ್ಯಾನಿಷ್ ಸ್ಯಾಂಡ್‌ವಿಚ್ ಅಂಗಡಿ ಸಿಕ್ಕಿದೆ, ಬ್ರೆಡ್ಡಿಗೆ ಬೆಳ್ಳುಳ್ಳಿ, ಟೊಮೆಟೊ ತಿಕ್ಕಿ ಎಣ್ಣೆ ಹಾಕಿ ಕೊಡುತ್ತಾರೆ, ಊರಿಗೆ ಬಂದಾಗ ನಿನಗೂ ಕಲಿಸುತ್ತೇನೆ ಎಂದು ಬರೆದಿದ್ದೀರಿ. ನನಗೆ ಕಲಿಸುತ್ತೀರಾ?

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ, ಪಲ್ಯ ಮಾಡಲು ಪುರಸೊತ್ತಿಲ್ಲದೆ, ಖಡಕ್ ರೊಟ್ಟಿಗೆ ಅದೇ ಬೆಳ್ಳುಳ್ಳಿ, ಟೊಮೆಟೊ ತಿಕ್ಕಿ, ಕುಸುಬಿ ಎಣ್ಣೆ ಹಾಕಿ ಹೊಲಕ್ಕೆ ಬುತ್ತಿ ತಂದಿದ್ದೆ. "ನಾಯಿಗಿ ಹಾಕೂದು ನನಗ ತಂದೀಯೇನ?" ಎಂದು ಎಲ್ಲರೆದುರು ಗಂಟು ಸಮೇತ ಕಾಲುವೆಗೆ ಎಸೆದಿರಿ. ಗಂಟು ಕಟ್ಟಿದ್ದು ನನ್ನವ್ವ ಹೊಲಿದುಕೊಟ್ಟ ಅರಿವೆ.

ಬರುವಾಗ ಬ್ರೆಡ್ ತರಬೇಡಿ. ಬುತ್ತಿ ಕಟ್ಟಲು ಒಂದು ಗಟ್ಟಿ ಅರಿವೆ ತನ್ನಿ.

ಆ ಗಂಟಿನಲ್ಲಿ ನನ್ನ ಪಾಲಿನ ರೊಟ್ಟಿಯೂ ಇತ್ತು.

ನಿಮ್ಮ ಮನೆಯಾಕೆ
ಬಾಲಮ್ಮ