ಇಪ್ಪತ್ತಕ್ಕೂ ಒಂದೇ ಗೀಟು

ಮಾರ್ಚ್ ೪, ಬೆಳಗ್ಗೆ

…ಹಾಂ, ಆ ಪ್ರಶ್ನಾವಳಿಯ ವಿಷಯ. ಕೇಂದ್ರದ ಹನ್ನೊಂದು ಥೆರಪಿಸ್ಟರಿಗೂ ಹಂಚಿದ್ದಾರೆ. ಆನ್‌ಲೈನ್ ಥೆರಪಿ ಬಗ್ಗೆ ನಮ್ಮ ‘ಆಟಿಟ್ಯೂಡ್’ ಅಳೆಯುತ್ತಾರಂತೆ. ಮೂವತ್ತೊಂದು ವರ್ಷ ಜನರ ಅಳು ಕೇಳಿದವನ ಮನಸ್ಸಿಗೆ ಟೇಪು ಹಿಡಿಯುತ್ತಾರೆ. ಇಪ್ಪತ್ತು ವಾಕ್ಯ, ಎಲ್ಲ ಇಂಗ್ಲಿಷು. ಒಂದು ಎಂದರೆ ಸ್ಟ್ರಾಂಗ್ಲಿ ಡಿಸಗ್ರೀ, ಐದು ಎಂದರೆ ಸ್ಟ್ರಾಂಗ್ಲಿ ಅಗ್ರೀ. ಹೆಚ್ಚು ಜನ ವಿರೋಧಿಸಿದರೆ ಮಾತ್ರ ಕೇಂದ್ರದಲ್ಲಿ ನಾವು ಕೂತು ಮಾತಾಡುವ ಕೋಣೆಗಳು ಉಳಿಯುತ್ತವೆ.

ಕೋಣೆ ಹೋದರೆ ಗುರುವಾರದ ಬಸ್ ಡ್ರೈವರ್ ಎಲ್ಲಿ ಕೂರಬೇಕು? ಮನೆಯಲ್ಲಿ ಆರು ಜನ, ಎರಡು ಕೋಣೆ. ಅಪಘಾತವಾಗಿ ಎಂಟು ತಿಂಗಳು, ಬಸ್ ಹತ್ತಿಲ್ಲ. ಬಂದು ಸುಮ್ಮನೆ ಕೂರುತ್ತಾನೆ. ನಾನೂ ಕೂರುತ್ತೇನೆ. ಅದೇ ಚಿಕಿತ್ಸೆ.

ಇಪ್ಪತ್ತಕ್ಕೂ ‘ಒಂದು’ ಎಂದು ಗೀಟು ಎಳೆದೆ. ಓದುವುದೇನಿದೆ ಅದರಲ್ಲಿ.

ಮಾರ್ಚ್ ೧೯

ಐವರು ಪರ. ಐವರು ವಿರುದ್ಧ. ಒಬ್ಬ ‘ನ್ಯೂಟ್ರಲ್’ — ಅದು ನಾನು! ಅಳತೆಗೆ ಬಂದ ಹುಡುಗಿಯನ್ನು ಹಿಡಿದು ನಿಲ್ಲಿಸಿದೆ.

“ಹತ್ತು ವಾಕ್ಯ ಆನ್‌ಲೈನ್ ಪರ ಇದ್ವು ಸರ್, ಹತ್ತು ವಿರುದ್ಧ. ನೀವು ಎರಡನ್ನೂ ಒಪ್ಪಿಲ್ಲ. ಕೂಡಿಸಿದ್ರೆ ಸರೀ ಮಧ್ಯಕ್ಕೆ ಬರುತ್ತೆ.”

“ಯಾಕಮ್ಮ ಹಿಂಗೆ ತಿರುಗಾ ಮುರುಗಾ ಕೇಳ್ತೀರಿ?”

“ಓದ್ದೆ ತುಂಬೋರು ಇರ್ತಾರಲ್ಲ ಸರ್, ಅದಕ್ಕೆ.”

ನನ್ನವಳು ಗುಳಿಗೆ ಚೀಟಿಯನ್ನೂ ಎರಡು ಸಲ ಓದುತ್ತಿದ್ದಳು. ಇದ್ದಿದ್ದರೆ ಪೆನ್ನು ಕಿತ್ತುಕೊಳ್ಳುತ್ತಿದ್ದಳು. ಸತ್ತು ಹೋಗಿ ಕೂತಿದ್ದಾಳೆ. ಅವಳ ಮೇಲೂ ಸಿಟ್ಟು.

ಏಪ್ರಿಲ್ ೨, ಗುರುವಾರ, ಸಂಜೆ

ಒಂದೇ ಮತ ಕಡಿಮೆಯಾಗಿ ಕೋಣೆ ಹೋಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಡ್ರೈವರ್ ಕಂಡ — ಡಿಪೋದಲ್ಲಿ ನಿಂತ ಬಸ್ಸಿನ ಹಿಂದಿನ ಸೀಟಿನಲ್ಲಿ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದ.

“ಬಸ್ಸೊಳಗೆ ಯಾಕಪ್ಪಾ ಹೋದೆ?”

“ಮನೇಲಿ ಜಾಗ ಎಲ್ಲಿದೆ ಸರ್. ಒಬ್ನೇ ಇರೋಕಾಗೋದು ಇಲ್ಲೊಂದೇ.”

ಮೈ ಉರಿಯಿತು. ಇವನನ್ನು ಅಲ್ಲಿಗೆ ಹತ್ತಿಸಿದವನು ನಾನು. ಹೇಳಿಯೂ ಬಿಟ್ಟೆ — ಪ್ರಶ್ನಾವಳಿ, ಗೀಟು, ಎಲ್ಲ.

“ಓದ್ದೇನೇ ಹಾಕ್ಬಿಟ್ರಾ?”

“ಓದ್ದೇನೇ.”

ಮುಂದೆ ಖಾಲಿ ಬಿದ್ದಿದ್ದ ಡ್ರೈವರ್ ಸೀಟಿನ ಕಡೆ ನೋಡಿದ.

“ನಾನೂ ಅವತ್ತು, ಆಕ್ಸಿಡೆಂಟ್ ದಿನ, ಸೈಡ್ ಕನ್ನಡಿ ನೋಡ್ಲಿಲ್ಲ ಸರ್. ನೋಡಿದ್ದೆ ಅಂತ ಎಲ್ರಿಗೂ ಹೇಳಿದೀನಿ. ನೋಡ್ಲಿಲ್ಲ.”

ತಿಂಗಳುಗಟ್ಟಲೆ ಎದುರಿಗೆ ಕೂತು ಹೇಳದ ಮಾತು. ಈ ಹಾಳು ಡಬ್ಬಿಯಲ್ಲಿ ಹೇಳಿದ. ಈಗ ಬಂದು ಅಳೆಯಲಿ. ಐದಕ್ಕೆ ಗೀಟು ಎಳೆಯಲು ಮನಸ್ಸು ಒಪ್ಪದು, ಒಂದಕ್ಕೆ ಕೈ ಏಳದು.

ಗಂಟೆ ಮುಗಿದಾಗ ‘ನೀವು ಇಡಿ ಸರ್, ನಾನು ಸ್ವಲ್ಪ ಕೂತಿರ್ತೀನಿ’ ಎಂದ. ಇಟ್ಟೆ. ಇಡಬಾರದಿತ್ತು. ಆಗಿನಿಂದ ಎರಡು ಸಲ ಫೋನು ಮಾಡಿದೆ, ಎತ್ತಿಲ್ಲ. ಬೆಳಕು ಹೋಗುತ್ತಿದೆ, ಬರೆದದ್ದು ಕಾಣುತ್ತಿಲ್ಲ. ಡಿಪೋ ಎರಡೇ ಮೈಲಿ, ಚಪ್ಪಲಿ ಮೆಟ್ಟಿ ಹೊರಟೆ.