ಮಚ್ಛೇಂದ್ರ ಮುತ್ಯಾನ ಲಗಾಮು

ಮೆಹಕರ,
೧೪ ನವೆಂಬರ್

ಚಿರಂಜೀವಿ ಸೋನಾಲಿಗೆ ಅವ್ವನ ಆಶೀರ್ವಾದ.

ನಿನ್ನ ಕೈಕಾಲು ನೆಟ್ಟಗಿವೆ ಎಂದು ನಂಬಿಕೊಂಡೇ ಈ ಪತ್ರ ಶುರು ಮಾಡುತ್ತಿದ್ದೇನೆ. ಇಲ್ಲಿ ನಾನು, ನಿನ್ನ ಆಯಿ ಇಬ್ಬರೂ ಚೆನ್ನಾಗಿದ್ದೇವೆ. ಆಯಿಯ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ಮಚ್ಛೇಂದ್ರ ಮುತ್ಯಾನ ಕಥೆ ಬರೆದು ಕಳಿಸು ಎಂದು ನೀನು ದಸರಾಕ್ಕಿಂತ ಮೊದಲೇ ಕೇಳಿದ್ದೆ. ತಡವಾಯಿತು, ಸಿಟ್ಟಾಗಬೇಡ. ಅಂಗನವಾಡಿಯ ಮಕ್ಕಳ ತೂಕ ನೋಡುವುದಿತ್ತು, ಸೋಯಾ ರಾಶಿ ಇತ್ತು ಎಂದೆಲ್ಲ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದುಹಾಕುತ್ತಿದ್ದೆ.

ಫೋನಿನಲ್ಲಿ ಹೇಳಬಾರದಿತ್ತೇ ಅಂತೀಯ. ನಿನ್ನ ಫೋನು ಬಂತೆಂದರೆ ಆಯಿ ಎಲ್ಲಿದ್ದರೂ ಕುಂಟುತ್ತ ಬಂದು "ಸ್ಪೀಕರ್ ಹಚ್ಚ" ಅಂತಾಳೆ. ನಾನು ಹೇಳಬೇಕಾದದ್ದು ಅವಳು ಕೇಳುವಂಥದ್ದಲ್ಲ.

ಮೊದಲು ಆ ವಿಡಿಯೊ. ಪುಣೆಯ ನಿಮ್ಮ ಸವಾರಿ ಶಾಲೆಯ ಮೈದಾನದಲ್ಲಿ ನಿನ್ನ ಕಂದು ಕುದುರೆ ಮರದ ದಿಮ್ಮಿ ಹಾರಲು ಬರುತ್ತದೆ, ನೀನು ಅದರ ಭುಜದ ಮೇಲಿಂದ ಕೆಳಗೆ ಬೀಳುತ್ತೀಯ, ಅದು ನಿಲ್ಲದೆ ಓಡುತ್ತದೆ. ಅದು ನಿನ್ನನ್ನು ನೆಲದ ಮೇಲೆ ಎಳೆದುಕೊಂಡು ಹೋಗುವುದು ಧೂಳಿನಲ್ಲಿ ಅಷ್ಟಿಷ್ಟು ಕಾಣುತ್ತದೆ. ಕುದುರೆ ನಿಂತ ಮೇಲೆ ಎದ್ದು ನಗುತ್ತ ಕೈ ಎತ್ತುತ್ತೀಯ. ಲಗಾಮು ಇನ್ನೂ ಮುಂಗೈಗೆ ಸುತ್ತಿಕೊಂಡೇ ಇದೆ. ನಿನ್ನ ಗೆಳತಿಯರು ಚಪ್ಪಾಳೆ ಹೊಡೆಯುತ್ತಾರೆ.

ಆಯಿ ಆ ವಿಡಿಯೊ ಹಿಡಿದುಕೊಂಡು ಇಡೀ ಓಣಿ ಸುತ್ತಿದಳು. "ನೋಡ್ರಿ, ಮಚ್ಛೇಂದ್ರ ಮುತ್ಯಾನ ರಗತ ಅದ ಇದು! ಬಿದ್ರೂ ಲಗಾಮು ಬಿಡ್ಲಿಲ್ಲ ನೋಡ್ರಿ ನನ್ನ ಮೊಮ್ಮಗಳು!" ನಾನು ಒಳಗೆ ಹೋಗಿ ಜೋಳದ ಚೀಲದ ಪಕ್ಕ ಕೂತುಬಿಟ್ಟೆ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಭಯ ಆಗಿದೆ ಮಗಳೇ, ಬೇರೆ ಏನೂ ಅಲ್ಲ.

ನಿನ್ನ ಕೋಚ್ ಬೈದರು ಎಂದು ನೀನೇ ನಗುತ್ತ ಹೇಳಿದೆ. ಬೀಳುವಾಗ ಲಗಾಮು ಬಿಟ್ಟುಬಿಡಬೇಕು ಅಂದರಂತೆ. "ನಮ್ಮ ಮನಿತನದಾಗ ಬಿಡೂ ರಿವಾಜ ಇಲ್ರಿ ಸರ್ ಅಂದೆ" ಎಂದು ನೀನು ಹೇಳಿದಾಗ ಆಯಿ ನಿನ್ನ ಬದಲು ಫೋನಿಗೇ ದೃಷ್ಟಿ ತೆಗೆದಳು. ಈಗ ತಿಂಗಳ ಕೊನೆಯ ಭಾನುವಾರ ನಿನ್ನ ಸ್ಟೀಪಲ್‌ಚೇಸ್. ಗೋಡೆ, ಬೇಲಿ, ನೀರಿನ ಹಳ್ಳ, ಎಲ್ಲ ಹಾರಿಸುತ್ತಾರಂತೆ. ನೀನು ಮೈದಾನಕ್ಕೆ ಬರುವಾಗ ಮೈಕಿನಲ್ಲಿ ಮುತ್ಯಾನ ಕಥೆ ಹೇಳುತ್ತಾರಂತೆ. ಅದಕ್ಕೇ ನಿನಗೆ ಕಥೆ ಬೇಕು. ಸರಿ, ಆಯಿ ಹೇಳುವಂತೆಯೇ ಮೊದಲು ಬರೆಯುತ್ತೇನೆ.

ಮಚ್ಛೇಂದ್ರ ನಿನ್ನ ಅಪ್ಪನ ಅಜ್ಜನ ಅಜ್ಜ. ಔರಾದ ಕಡೆಯ ಕುರಿಗಾರರ ಹುಡುಗ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ತಿರುಗುವಾಗ ಗಂಟುಮೂಟೆ, ಕೋಳಿ, ಕೂಸು ಎಲ್ಲವನ್ನೂ ತಟ್ಟುಗಳ ಮೇಲೆ ಹೇರುತ್ತಿದ್ದರು. ಆ ಗಿಡ್ಡ ಕುದುರೆಗಳ ಬೆನ್ನೇ ಅವನ ತೊಟ್ಟಿಲು. ಒಮ್ಮೆ ಮಾಂಜ್ರಾ ದಂಡೆಯಲ್ಲಿ ಒಬ್ಬ ಗೋರಾ ಸಾಹೇಬನ ಡೇರೆ ಬಿದ್ದಿತ್ತು. ಸಬ್ಜಾ ಎಂಬ ಸಾಹೇಬನ ಬೂದು ಕುದುರೆ ಹಗ್ಗ ಕಿತ್ತುಕೊಂಡು ಓಡಿತು. ಸವಾರರೆಲ್ಲ ಹುಡುಕುತ್ತಿದ್ದರೆ, ಈ ಹುಡುಗ ಜೀನು ಇಲ್ಲದೆ ಅದರ ಮೇಲೆ ಕೂತು, ಕುರಿಹಟ್ಟಿಯ ಜಾಲಿಮುಳ್ಳಿನ ಬೇಲಿ ಹಾರಿಸಿಕೊಂಡು ಡೇರೆಯ ಮುಂದೆ ತಂದು ನಿಲ್ಲಿಸಿದನಂತೆ. ಸಾಹೇಬ ಕುದುರೆಯ ಜೊತೆ ಹುಡುಗನನ್ನೂ ದಂಡು ಇಳಿಯುವ ಛಾವಣಿಗೆ ಕರೆದುಕೊಂಡು ಹೋದ.

ಅಲ್ಲಿ ಬೇಲಿ ಹಾರುವ ಶರತ್ತು, ಅಂದರೆ ಕುದುರೆ ಪಂದ್ಯ, ನಡೆಯುತ್ತಿತ್ತು. ಗೋರಾ ಅಧಿಕಾರಿಗಳು, ನವಾಬರ ಸವಾರರು, ಅವರ ನಡುವೆ ನಮ್ಮ ಕುರಿ ಕಾಯುವವ. ಸಾಹೇಬ ಕೆಂಪು ರೇಷ್ಮೆ ಅಂಗಿ ಕೊಟ್ಟರೆ ಒಲ್ಲೆ ಎಂದನಂತೆ. ಹಳದಿಯೇ ಬೇಕು, ಮನೆದೇವರು ಖಾನಾಪುರದ ಮಲ್ಲಣ್ಣನಿಗೆ ಎರಚುವ ಅರಿಶಿನ ಭಂಡಾರದ ಬಣ್ಣ. ತೂಕ ಇಳಿಸಬೇಕಾದಾಗ ಕರಿಕಂಬಳಿ ಸುತ್ತಿಕೊಂಡು ಉರಿಬಿಸಿಲಲ್ಲಿ ಓಡುತ್ತಿದ್ದ. ಒಂದು ಬಟ್ಟಲು ಅಂಬಲಿ ಕುಡಿದು ಮಲಗುತ್ತಿದ್ದ. ಶರತ್ತಿನ ಹಿಂದಿನ ಸಂಜೆ ಬರಿಗಾಲಲ್ಲಿ ಮೈದಾನವೆಲ್ಲ ಸುತ್ತಿ, ನೆಲ ಎಲ್ಲಿ ಮೆತ್ತಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿ ಬರುತ್ತಿದ್ದ. ಮೋಮಿನಾಬಾದಿನಲ್ಲಿ ಗೆದ್ದ, ಹಿಂಗೋಲಿಯಲ್ಲಿ ಗೆದ್ದ, ಬೊಲಾರಮ್‌ನಲ್ಲಿ ಗೆದ್ದ.

ಆಮೇಲೆ ಆಯಿಯ ದನಿ ಏರುತ್ತದೆ, ನಿನಗೆ ಗೊತ್ತು. ಕೊನೆಯ ಶರತ್ತು, ಕೊನೆಯ ಹಳ್ಳ. ಸಬ್ಜಾ ಮುಗ್ಗರಿಸಿತು, ಮುತ್ಯಾ ಬಿದ್ದ. ಲಗಾಮು ಬಿಡಲಿಲ್ಲ. ಕುದುರೆ ಅವನನ್ನು ಎಳೆದುಕೊಂಡೇ ಗುರಿ ದಾಟಿತು. ಓಡಿಹೋಗಿ ನೋಡಿದರೆ ಜೀವ ಇರಲಿಲ್ಲ, ಮುಷ್ಟಿ ಬಿಚ್ಚಿರಲಿಲ್ಲ. ಆ ಲಗಾಮಿನದೇ ಒಂದು ತುಂಡು ನಮ್ಮ ದೇವರ ಜಗುಲಿಯ ಮೇಲೆ ಮಲ್ಲಣ್ಣನ ಹಿತ್ತಾಳೆ ಕುದುರೆಯ ಪಕ್ಕ ಇತ್ತು. ಹೆಸರಿಡುವ ದಿನ ಮನೆಯ ಪ್ರತಿ ಕೂಸಿನ ಬಲ ಮುಂಗೈಗೆ ಅದನ್ನು ಸುತ್ತುತ್ತಾರೆ. ನಿನ್ನ ಅಪ್ಪನಿಗೂ ಸುತ್ತಿದ್ದರು. ನೀನು ಪುಣೆಗೆ ಹೊರಟಾಗ ಆಯಿ ಅದನ್ನು ನಿನ್ನ ಕೈಗೇ ಕಟ್ಟಿ ಕಳಿಸಿದಳು.

ಇಲ್ಲಿಗೆ ನಿಲ್ಲಿಸುತ್ತೇನೆ. ಆಯಿ ಚಹಾ ಅಂತ ಕೂಗುತ್ತಿದ್ದಾಳೆ.

೧೭ ನವೆಂಬರ್

ನಿನ್ನೆ ಬೀದರಿಗೆ ಹೋಗಿದ್ದೆ. ಮನೆಯಲ್ಲಿ ಅಂಗನವಾಡಿ ಮೀಟಿಂಗು ಅಂದೆ. ಹೋದದ್ದು ಶರಫೋದ್ದೀನ ಚಾಚಾನ ಮನೆಗೆ. ನಿನಗೆ ನೆನಪಿರಬೇಕು, ಮದುವೆ ಮೆರವಣಿಗೆಗೆ ಅಪ್ಪ ಬಾಡಿಗೆಗೆ ಒಯ್ಯುತ್ತಿದ್ದ ಬಿಳಿ ಕುದುರೆಯ ಗೊರಸಿಗೆ ನಾಲು ಬಡಿಯುತ್ತಿದ್ದವರು, ನಿನಗೆ ಬೆಲ್ಲದ ಚೂರು ಕೊಡುತ್ತಿದ್ದವರು. ಈಗ ಕೊಳಾರದ ಒಂದು ಗೋದಾಮಿನಲ್ಲಿ ಕಾವಲು ಕೆಲಸ. ಬೀದರಿನಲ್ಲಿ ನಾಲು ಬಡಿಸುವ ಕುದುರೆಗಳು ಎಷ್ಟು ಉಳಿದಿವೆ ಹೇಳು. ಆದರೆ ಅವರ ಮನೆತನ ಹಳೆಯದು. ಸಬ್ಜಾನ ಕಾಲಿಗೆ ನಾಲು ಬಡಿದವರೂ ಅವರ ಮನೆಯವರೇ.

ಯಾಕೆ ಹೋದೆ ಅಂದರೆ, ಅಪ್ಪ ತೀರಿಕೊಂಡ ದಿನ ಚಾಚಾ ನನ್ನ ಹತ್ತಿರ ನಿಂತು, "ನಿಮ್ಮ ಮುತ್ಯಾ ಬಿಡ್ತಿದ್ದ ಬೇಟಿ" ಅಂದಿದ್ದರು. ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಆಗ ನಾನಿರಲಿಲ್ಲ. ನಿನ್ನ ವಿಡಿಯೊ ನೋಡಿದಾಗಿನಿಂದ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಚಾಚಿ ಮರಿಯಮಬೀ ನನ್ನ ಮುಖ ನೋಡಿ ಮೊದಲು ಚಹಾ ಕುಡಿಸಿದರು. ನಾನು ವಿಡಿಯೊ ತೋರಿಸಿದೆ. ಚಾಚಾ ಕನ್ನಡಕ ಏರಿಸಿ ನೋಡಿದರು, ಅರ್ಧಕ್ಕೇ ಫೋನು ತಿರುಗಿಸಿ ಇಟ್ಟರು.

"ಬಸ್ ಬೇಟಿ. ನೋಡ್ಲಾಕ ಆಗಂಗಿಲ್ಲ."

"ಚಾಚಾ, ಅವತ್ತ ನೀವು ಒಂದ ಮಾತ ಅಂದಿದ್ರಿ. ಮುತ್ಯಾ ಲಗಾಮು ಬಿಡ್ತಿದ್ದ ಅಂತ. ಖರೇನ್ರಿ?"

"ಖರೇ ಅಲ್ದೇನು. ನಮ್ಮ ದಾದಾ, ಅಪ್ಪನ ಅಪ್ಪ, ಹೇಳ್ತಿದ್ರು, ಅವ್ರಿಗಿ ಅವ್ರ ದಾದಾ ಹೇಳಿದ್ರು. ಮಚ್ಛೇಂದ್ರ ಗೆದ್ದಿದ್ದಕ್ಕಿಂತ ಬಿದ್ದಿದ್ದ ಜಾಸ್ತಿ. ಹಾರೂದ ಎಲ್ಲಾರೂ ಕಲಿತಾರ, ಅಂವ ಬೀಳೂದ ಕಲ್ತಿದ್ದ. ಮಾಂಜ್ರಾದ ಉಸುಕಿನಾಗ ತಟ್ಟಿನ ಮ್ಯಾಲಿಂದ ಬೇಕಂತ ಬೀಳ್ತಿದ್ದ. ಕೈ ಬಿಡೂದು, ಕಂಬಳಿ ಸುತ್ತಿದಂಗ ಮೈ ಸುತ್ಕೊಳ್ಳೂದು. ಎದ್ದು ನಕ್ಕೋತ ನಿಲ್ತಿದ್ದ."

"ಕುದುರಿ ಓಡಿ ಹೋದ್ರ?"

"ಎಲ್ಲಿ ಹೋಗ್ತದ? ಬೆನ್ನ ಹಿಂದ ಏನರೆ ಜೋತಾಡ್ಲತ್ತದ ಅಂದ್ರ ಅದಕ್ಕ ಅಂಜಿಕಿ. ಅಂಜಿಕಿಗಿ ಓಡ್ತದ. ಬಿಟ್ಟು ನೋಡು, ನಾಕ ಹೆಜ್ಜಿ ಹೋಗಿ ನಿಂತು ನಿನ್ನ ಕಡಿನೇ ನೋಡ್ತದ. ಸಬ್ಜಾ ಪ್ರತಿ ಸಲ ಹೊಳ್ಳಿ ಬರ್ತಿತ್ತಂತ."

ಹಾಗಾದರೆ ಸತ್ತದ್ದು ಹೇಗೆ ಎಂದು ಕೇಳಿದೆ. ಚಾಚಾ ನಕ್ಕರು. ಮುತ್ಯಾ ಸತ್ತದ್ದು ಔರಾದಿನಲ್ಲಿ, ತನ್ನ ಕುರಿಗಳ ಪಕ್ಕ, ಬಾಯಲ್ಲಿ ಹಲ್ಲಿಲ್ಲದ ಮುದುಕನಾಗಿ, ಚಳಿಗಾಲದ ಕೆಮ್ಮಿನಿಂದ! ನಮ್ಮವರಲ್ಲಿ ಸತ್ತವರನ್ನು ಮಣ್ಣಿಗೆ ಇಡುವಾಗ ಕೈಗೆ ಅವರ ಕಸುಬಿನದೊಂದು ಕೊಡುತ್ತಾರಲ್ಲ. ನಿನ್ನ ಅಜ್ಜನ ಕೈಗೆ ಕುರಿ ಕತ್ತರಿ ಕೊಟ್ಟದ್ದನ್ನು ನೀನೇ ನೋಡಿದ್ದೀಯ. ಹಾಗೆಯೇ ಮಚ್ಛೇಂದ್ರ ಮುತ್ಯಾನ ಕೈಗೆ ಲಗಾಮು ಕೊಟ್ಟರು. ಆ ಲಗಾಮನ್ನು ಛಾವಣಿಯಿಂದ ತಂದವರು ಚಾಚಾನ ಹಿರಿಯರು. ಅರ್ಧ ಕತ್ತರಿಸಿ ಹೆಣದ ಮುಷ್ಟಿಯಲ್ಲಿಟ್ಟರು, ಅರ್ಧ ಮನೆಗೆ ಬಂತು. ಮಣ್ಣಿಗೆ ಬಂದವರು ಮುಷ್ಟಿಯಲ್ಲಿ ಲಗಾಮು ನೋಡಿದರು. ಅವರ ಮಕ್ಕಳು ಅದಕ್ಕೆ ಹಳ್ಳ ಸೇರಿಸಿದರು, ಮೊಮ್ಮಕ್ಕಳು ಬೀಳುವುದನ್ನು ಸೇರಿಸಿದರು, ಉಳಿದದ್ದನ್ನು ನಮ್ಮ ಆಯಿ ಸೇರಿಸಿದ್ದಾಳೆ.

ಬಸ್ಸಿನಲ್ಲಿ ಭಾಲ್ಕಿಯವರೆಗೂ ಅತ್ತೆ. ಪಕ್ಕದವಳು ಯಾರೋ ನೀರು ಕೊಟ್ಟಳು. ಒಬ್ಬ ಮುದುಕ ಸುಖವಾಗಿ ಸತ್ತದ್ದಕ್ಕೆ ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ನಾನು ಅಳುತ್ತಿದ್ದೇನೆ ಎಂದು ಅವಳಿಗೆ ಹೇಗೆ ಹೇಳಲಿ?

ಮನೆಗೆ ಬಂದರೆ ಆಯಿ ಬಾಗಿಲಲ್ಲೇ ಕೂತಿದ್ದಳು. ನನ್ನ ಸೆರಗಿಗೆ ಚಾಚಿ ಯಾವಾಗಲೂ ಕಟ್ಟಿಕೊಡುವ ಉತ್ತತ್ತಿ ನೋಡಿಬಿಟ್ಟಳು. "ಮೀಟಿಂಗಿನ್ಯಾಗ ಖಾರೀಕ ಹಂಚ್ಯಾರೇನ? ಶರಫೋದ್ದೀನನ ಮನಿಗಿ ಹೋಗಿದ್ದಿ. ಏನಂದ ಅಂವ?"

"ಏನಿಲ್ಲತ್ತಿ. ಸಲಾಂ ಹೇಳ್ಯಾರ."

ಅವಳ ಮಗ ಹೋದ ಮೇಲೆ ಆ ಕಥೆಯೊಂದೇ ಅವಳಿಗೆ ಊರುಗೋಲು. ಆದರೆ ಅವಳ ಊರುಗೋಲಿಗಾಗಿ ನಿನ್ನನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

ಆದ್ದರಿಂದ ಕೇಳು. ಮೈಕಿನಲ್ಲಿ ಯಾವ ಕಥೆ ಬೇಕಾದರೂ ಹೇಳಿಸು, ಹಳದಿ ಅಂಗಿ ತೊಡು, ಭಂಡಾರ ಹಚ್ಚಿಕೋ. ಸ್ಪರ್ಧೆ ಬಿಡು ಅಂತ ನಾನು ಹೇಳುತ್ತಿಲ್ಲ. ಹೇಳಿದರೂ ನೀನು ಕೇಳುವವಳಲ್ಲ, ನಿನ್ನ ಹಟ ನನ್ನ ಹೊಟ್ಟೆಯಿಂದಲೇ ಬಂದದ್ದು. ಮುಂಗೈಯ ಆ ಚರ್ಮದ ತುಂಡು ಬಿಚ್ಚಿ ಪೆಟ್ಟಿಗೆಯಲ್ಲಿಡು. ಲಗಾಮನ್ನು ಕೈಗೆ ಸುತ್ತಬೇಡ. ಕೋಚ್ ಸರ್ ಹತ್ತಿರ ಹೋಗಿ, ಬೀಳುವುದನ್ನು ಕಲಿಸ್ರಿ ಎಂದು ಕೇಳು.

ಊಟ ಬಿಡಬೇಡ. ತೂಕ ಇಳಿಸುತ್ತೇನೆ ಎಂದು ಉಪವಾಸ ಕೂತರೆ ನಾನೇ ಪುಣೆಗೆ ಬಂದು ರೊಟ್ಟಿ ತುರುಕುತ್ತೇನೆ. ಮಲ್ಲಣ್ಣ ನಿನ್ನನ್ನೂ ನಿನ್ನ ಕುದುರೆಯನ್ನೂ ಕಾಯಲಿ. ಸಂಜೆ ಇಬ್ಬರೂ ನಿಮ್ಮ ನಿಮ್ಮ ಕಾಲ ಮೇಲೆ ಮನೆ ಸೇರಿ.

ನಿನ್ನ ಅವ್ವ,
ಲಲಿತಾಬಾಯಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಅಪ್ಪನಿಗೆ ಕುದುರೆ ತಲೆಗೆ ಒದೆಯಿತು ಎಂದು ನಿನಗೆ, ಆಯಿಗೆ, ಊರಿಗೆ ಹೇಳಿದ್ದೆ. ಒದ್ದಿರಲಿಲ್ಲ. ಭಾಲ್ಕಿಯ ಆ ಮೆರವಣಿಗೆಯಲ್ಲಿ ಮದುಮಗನನ್ನು ಇಳಿಸಿದ ಮೇಲೆ ಕಾಲಬುಡದಲ್ಲೇ ಪಟಾಕಿ ಸಿಡಿಯಿತು, ಕುದುರೆ ಬೆದರಿ ಓಡಿತು. ಅಪ್ಪ ಲಗಾಮನ್ನು ಮುಂಗೈಗೆ ಸುತ್ತಿಕೊಂಡಿದ್ದರು. ಬಿಡಬಹುದಿತ್ತು, ಬಿಡಲಿಲ್ಲ. ಕುದುರೆ ಅವರನ್ನು ರಸ್ತೆಯುದ್ದಕ್ಕೂ ಎಳೆದುಕೊಂಡು ಹೋಯಿತು. ಅಲ್ಲಿದ್ದವರೆಲ್ಲ ಪರವೂರಿನ ಬೀಗರು, ನಮ್ಮೂರಿಗೆ ಸುದ್ದಿ ಬರಲಿಲ್ಲ. ಓಡಿ ಬಂದು ಲಗಾಮು ಕತ್ತರಿಸಿದವರು ಶರಫೋದ್ದೀನ ಚಾಚಾ. ಸಂಜೆಯವರೆಗೆ ಜೀವ ಇತ್ತು. ನರ್ಸು ಒಂದೊಂದೇ ಬೆರಳು ಬಿಡಿಸಿ ಮುಷ್ಟಿ ತೆಗೆದಳು. ಅದಕ್ಕೇ ಮಣ್ಣಿನ ಹೊತ್ತಿಗೆ ಅವರ ಕೈಗೆ ಏನನ್ನೂ ಕೊಡಲು ನಾನು ಒಪ್ಪಲಿಲ್ಲ. ಎಲ್ಲರೂ ಬೈದರು, ಬೈಯಲಿ ಅಂದೆ. ಆಯಿಗೆ ಗೊತ್ತಾಗಿದ್ದರೆ ಅವರನ್ನೂ ಕಥೆಗೆ ಸೇರಿಸಿ, ನಿನ್ನ ಕೈಗೆ ಎರಡನೆಯ ತುಂಡು ಕಟ್ಟುತ್ತಿದ್ದಳು.

ನೀನಾಗ ಏಳನೆಯ ತರಗತಿ. ಅವರು ಕಣ್ಣು ತೆರೆದು ನನ್ನನ್ನು ನೋಡಿ ನಕ್ಕರು, ಸೋನಾಲಿ. ಹೆಮ್ಮೆಯಿಂದ ನಕ್ಕರು. "ಹುಡುಗಿಗಿ ಹೇಳು, ನಾ ಬಿಡ್ಲಿಲ್ಲ ಅಂತ" ಅಂದರು. ಅದೇ ಕೊನೆಯ ಮಾತು. ಇಷ್ಟು ವರ್ಷ ನಿನಗೆ ಹೇಳಲಿಲ್ಲ, ಇವತ್ತು ಹೇಳಿದ್ದೇನೆ. ನೀನು ಬಿಡು ಮಗಳೇ. ಕುದುರೆ ಹೋದರೆ ಹೋಗಲಿ, ನೀನು ಕೈ ಬಿಡು.