ಅವಳ ಮಾತನ್ನು ನೀವು ಮುಗಿಸಿದಿರಿ

ಅತ್ತೆಗೆ,

ಶಾಲೆಯಲ್ಲಿ ಎಲ್ಲರೂ ನಿಮ್ಮನ್ನು ಸಿಸ್ಟರ್ ಎನ್ನುತ್ತಾರೆ. ನಾನೂ ಹಾಗೇ ಬರೆಯಲು ಹೊರಟೆ. ಬರೆದ ಕೂಡಲೇ ತಲೆ ತಾನಾಗಿ ಬಗ್ಗಿತು, ಸಿಟ್ಟು ಅರ್ಧಕ್ಕಿಳಿಯಿತು. ಅದಕ್ಕೇ ಹೊಡೆದುಹಾಕಿ ಅತ್ತೆ ಎಂದು ಬರೆದಿದ್ದೇನೆ. ಸನ್ಯಾಸಿನಿ ಪ್ರಿನ್ಸಿಪಾಲರ ಮೇಲೆ ಸಿಟ್ಟಾಗುವ ಹಕ್ಕು ನನಗಿದೆಯೋ ಇಲ್ಲವೋ, ಅಪ್ಪನ ತಂಗಿಯ ಮೇಲೆ ಇದೆ. ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ ಎಂದು ನಿಮಗೆ ಗೊತ್ತು. ಐದನೇ ಕ್ಲಾಸಿಗೆ ಓದು ಬಿಟ್ಟವಳ ಕಾಗದ. ತಪ್ಪಿದ್ದರೆ ಇರಲಿ, ಪೂರ್ತಿ ಓದಿ.

ಚಿಕ್ಕವಳಿಗೆ ಜ್ವರ ಎಂದು ಅಪ್ಪ ಹೇಳಿ ಕಳಿಸಿದ್ದು ಸುಳ್ಳು. ನನ್ನ ತಂಗಿ ನಿಮ್ಮ ಶಾಲೆಗೆ ಬರಲು ಒಪ್ಪುತ್ತಿಲ್ಲ. ಬೆಳಗಾದರೆ ನನ್ನ ಹಿಂದೆ ಲಾಂಡ್ರಿಗೆ ಬಂದು, ಇಸ್ತ್ರಿ ಮೇಜಿನ ಕೆಳಗೆ ಕೂತು, ಗುಂಡಿ ಕಿತ್ತುಹೋದ ಅಂಗಿಗಳನ್ನು ಬೇರೆ ಮಾಡುತ್ತಾಳೆ. ನಿನ್ನೆ ಅಪ್ಪ ಸೋತು, "ಹೋಗ್ಲಿ ಬಿಡು, ಅವಳೂ ನಿನ್ ಹಾಗೆ ಇಸ್ತ್ರಿ ಹಿಡೀಲಿ" ಎಂದರು. ಅತ್ತೆ, ನನಗೆ ಈ ಕೆಲಸದ ಮೇಲೆ ಬೇಸರವಿಲ್ಲ. ಆದರೆ ಓದುವ ಹುಡುಗಿ ಹೆದರಿಕೊಂಡು ಈ ಮೇಜಿಗೆ ಬರುವುದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ.

ವಿಜ್ಞಾನದ ಮೇಷ್ಟ್ರು ಅವಳನ್ನು ಓದಲು ನಿಲ್ಲಿಸಿದ್ದರು. ಅವಳ ಮಾತು ಮೊದಲಿನಿಂದಲೂ ತೊದಲು. ಮೊದಲ ಪದಕ್ಕೇ ಸಿಕ್ಕಿಕೊಂಡಳು. "ಗಾಡಿ ಸ್ಟಾರ್ಟೇ ಆಗ್ತಿಲ್ವಲ್ಲ, ಯಾರಾದ್ರೂ ಬಂದು ತಳ್ರೋ" ಎಂದರಂತೆ ಆ ಮಹಾನುಭಾವರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳು ಬಾಯಿ ತೆರೆದರೆ ಸಾಕು, ಹುಡುಗರು ಬೆನ್ನಿಗೆ ಕೈಯಿಟ್ಟು ನಿಜವಾಗಿಯೂ ತಳ್ಳುತ್ತಿದ್ದರು. ಅಪ್ಪ ನಿಮ್ಮ ಬಳಿ ಬಂದಾಗ ನೀವು, "ಅಣ್ಣಾ, ಧ್ಯಾನಕೂಟ ಮುಗಿಸಿ ಬರ್ತೀನಿ, ನಾನು ನೋಡ್ಕೋತೀನಿ" ಎಂದಿರಿ. ಪ್ರಿನ್ಸಿಪಾಲರಿಗೆಂದೇ ನಡೆಸುವ ಧ್ಯಾನಕೂಟವಂತೆ. ಯೇಸುಸ್ವಾಮಿಯ ದಾರಿಯಲ್ಲಿ ಶಾಲೆ ನಡೆಸುವುದು ಹೇಗೆಂದು ಅಲ್ಲಿ ಕಲಿಸುತ್ತಾರಂತೆ. ಬಂದವರು ಮುಖ ಅರಳಿಸಿಕೊಂಡು ನಮ್ಮ ಮನೆಗೇ ಬಂದಿರಿ. "ಶಿಕ್ಷೆ ಕೊಟ್ರೆ ಯಾರೂ ಬದಲಾಗಲ್ಲ, ಕ್ಷಮೆಯಿಂದ ಆಗ್ತಾರೆ. ನಾಳೆ ಬಾ, ಒಂದು ಒಳ್ಳೇ ಕೆಲಸ ನೋಡ್ತೀಯ" ಎಂದು ನನ್ನ ಕೆನ್ನೆ ತಟ್ಟಿದಿರಿ.

ಬಂದೆ, ನೋಡಿದೆ.

ಬೆಳಗಿನ ಪ್ರಾರ್ಥನೆಗೆ ಇಡೀ ಶಾಲೆ ನಿಂತಿತ್ತು. ಮೇಷ್ಟ್ರು ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ ಕ್ಷಮೆ ಕೇಳಿದರು. ಅವರಿಗೇನು, ನಾಲಿಗೆ ಬೆಣ್ಣೆ. ಆಮೇಲೆ ನೀವು ಮೈಕನ್ನು ಬಗ್ಗಿಸಿ ಚಿಕ್ಕವಳ ಬಾಯಿಗೆ ಹಿಡಿದಿರಿ. ತೊದಲುವ ಮಗುವಿನ ಬಾಯಿಗೆ ಮೈಕು! ಅವಳು "ನಾ... ನಾ..." ಎಂದಳು. ಅದು ಮೈದಾನದ ಗೋಡೆಗೆ ಬಡಿದು ತಿರುಗಿ ಬಂತು. ಹಿಂದಿನ ಸಾಲಿನಿಂದ ಯಾರೋ "ತಳ್ರೋ" ಎಂದ. ನಗು ಶುರುವಾಯಿತು. ಆಗ ನೀವು ಅವಳ ಹೆಗಲ ಮೇಲೆ ಕೈಯಿಟ್ಟು, ಮೈಕನ್ನು ನಿಮ್ಮ ಕಡೆ ತಿರುಗಿಸಿಕೊಂಡು, "ನಾನು ಕ್ಷಮಿಸಿದೀನಿ ಅಂತಿದಾಳೆ ಮಗು" ಎಂದುಬಿಟ್ಟಿರಿ. ಚಪ್ಪಾಳೆ. ನಿಮ್ಮ ಕಣ್ಣಲ್ಲಿ ನೀರು. ಮೇಷ್ಟ್ರ ಕಣ್ಣಲ್ಲೂ. ಚಿಕ್ಕವಳ ಕಣ್ಣು ಒಣಗಿತ್ತು, ಅದನ್ನು ನೀವು ನೋಡಲಿಲ್ಲ.

ಸಂಜೆ ಅವಳು ಮೇಜಿನ ಕೆಳಗಿನಿಂದ ನನಗೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಇಸ್ತ್ರಿಪೆಟ್ಟಿಗೆ ತಣ್ಣಗಾಗಿತ್ತು. "ಅಕ್ಕ, ನಾನು ಮನೆಗೆ ಹೋಗ್ತೀನಿ ಅಂತ ಹೇಳ್ತಿದ್ದೆ."

ಅಷ್ಟೇ ಅತ್ತೆ. ಅವಳ ಬಾಯಲ್ಲಿ ಕ್ಷಮೆ ಇರಲೇ ಇಲ್ಲ. ನಿಮಗೆ ಅದು ಬೇಕಿತ್ತು, ಅವಳ ಹೆಸರಿನಲ್ಲಿ ತೆಗೆದುಕೊಂಡಿರಿ. ಮೇಷ್ಟ್ರು ನಕ್ಕು ಅವಳ ಮಾತು ಕಿತ್ತುಕೊಂಡರು, ನೀವು ಪ್ರೀತಿಯಿಂದ ಕಿತ್ತುಕೊಂಡಿರಿ. ನನಗೆ ನಿಮ್ಮ ಮೇಲೆಯೇ ಹೆಚ್ಚು ಸಿಟ್ಟು.

ಯಾಕೆ ಗೊತ್ತೇ? ನಿಮಗೆ ಕಾಯುವುದು ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ನೀವು ರಜೆಗೆ ಬಂದಿದ್ದಿರಿ. ಊಟದ ಮುಂಚಿನ ಪ್ರಾರ್ಥನೆ ನನ್ನ ಪಾಲಿಗೆ ಬಂತು. ನಾಚಿಕೆಯಿಂದ ಪ್ರತಿ ಸಾಲಿಗೂ ನಿಲ್ಲುತ್ತಿದ್ದೆ. ಅಪ್ಪ "ಬೇಗ ಮುಗಿಸೇ ತಾಯಿ, ಹೊಟ್ಟೆ ಚುರುಗುಟ್ತಿದೆ" ಎಂದಾಗ ನೀವು, "ಸುಮ್ನಿರಣ್ಣ, ದೇವರೇನೂ ಬಸ್ಸು ಹಿಡೀಬೇಕಾಗಿಲ್ಲ, ಅವಳೇ ಹೇಳ್ಲಿ" ಎಂದಿರಿ. ಅನ್ನ ಆರಿಹೋಯಿತು. ನೀವು ಕಣ್ಣು ಮುಚ್ಚಿಕೊಂಡು ಕೂತೇ ಇದ್ದಿರಿ. ನನಗೆ ದೇವರ ಮೇಲೆ ನಂಬಿಕೆ ಹುಟ್ಟಿದ್ದು ಆ ಆರಿದ ಅನ್ನದ ಮುಂದೆ. ಅದನ್ನು ಬಿಟ್ಟು ಆ ಧ್ಯಾನಕೂಟದಲ್ಲಿ ಬೇರೇನು ಕಲಿತು ಬಂದಿರಿ?

ಇಸ್ತ್ರಿಗೆ ಬಂದ ನಿಮ್ಮ ಬಿಳಿ ಉಡುಪು ಈಗ ನನ್ನ ಮೇಜಿನ ಮೇಲಿದೆ. ಈ ಸಿಟ್ಟಿನಲ್ಲೂ ಸುಡಲಿಲ್ಲ, ಅದು ನನ್ನ ಕೆಲಸದ ಮರ್ಯಾದೆ. ಮಡಿಕೆಯೊಳಗೆ ಈ ಕಾಗದ ಇಡುತ್ತೇನೆ. ಆ ಉಡುಪನ್ನು ತೊಟ್ಟು, ಅದೇ ಮೈಕಿನ ಮುಂದೆ ನಿಂತು, "ಅವತ್ತಿನ ಮಾತು ನನ್ನದು, ಮಗುವಿನದಲ್ಲ" ಎಂದು ಹೇಳಿ. ಹಾಗೆ ಹೇಳಿದರೆ ಬರುತ್ತೇನೆ ಎಂದಿದ್ದಾಳೆ ಚಿಕ್ಕವಳು. ಮೇಷ್ಟ್ರನ್ನು ಕ್ಷಮಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಅದಕ್ಕೂ ಮೊದಲು ಒಮ್ಮೆ ಲಾಂಡ್ರಿಗೆ ಬನ್ನಿ. ಅವಳಿಗೆ ನಿಮ್ಮ ಹತ್ತಿರ ಏನೋ ಹೇಳುವುದಿದೆ. ಏನೆಂದು ನನಗೆ ಹೇಳಿಲ್ಲ, ನಾನು ಊಹಿಸಲೂ ಹೋಗಿಲ್ಲ. ಮೇಜಿನ ಪಕ್ಕ ಸ್ಟೂಲು ಹಾಕಿರುತ್ತೇನೆ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅತ್ತೆ. ಬರುವ ದಿನ ಯಾವ ಬಸ್ಸನ್ನೂ ಹಿಡಿಯುವ ಅವಸರ ಇಟ್ಟುಕೊಳ್ಳಬೇಡಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ಅಣ್ಣನ ದೊಡ್ಡ ಮಗಳು